ನೆಂಟರ ನಾಯಿ ಮನೆಗೆ ಬಂದಾಗ: ಈಗಾಗಲೇ ಸಾಕುಪ್ರಾಣಿಗಳಿರುವ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಮಗಳ ಬಾಣಂತನಕ್ಕೆಂದು ಅಕ್ಕ-ಭಾವ ಅಮೆರಿಕಕ್ಕೆ ಹೊರಟು ನಿಂತಾಗ, ವೀಸಾ ಬಂದು, ಟಿಕೆಟ್ಟು ಆಗಿ, ಸಾರಿನ ಪುಡಿ, ಅಂಟಿನುಂಡೆಗಳೆಲ್ಲ ಸೂಟ್‌ಕೇಸು ಸೇರಿದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ: ನಾಯಿಯನ್ನು ಯಾರ ಮನೆಯಲ್ಲಿ ಬಿಡುವುದು? ಹಣ ಕೊಟ್ಟು ಬಿಡುವ ಕಡೆ ತಿಂಗಳುಗಟ್ಟಲೆ ಇರಿಸಲು ಮನಸ್ಸೂ ಒಪ್ಪುವುದಿಲ್ಲ, ಖರ್ಚೂ ಹೊಂದುವುದಿಲ್ಲ. ಆಗ ಎಲ್ಲರಿಗೂ ನೆನಪಾಗುವುದು ಹೇಗಿದ್ದರೂ ಪ್ರಾಣಿ ಸಾಕಿರುವ ತಂಗಿಯ ಮನೆ. “ನಿಮ್ಮಲ್ಲಿ ಒಂದು ನಾಯಿ, ಎರಡು ಬೆಕ್ಕು ಇದ್ದೇ ಇವೆಯಲ್ಲ, ಇದೂ ಒಂದು ಇರಲಿ ಬಿಡು” ಎಂಬ ಮಾತು ಬಂದರೆ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಈ ಲೆಕ್ಕ ತಲೆಕೆಳಗಾದದ್ದು. ಪ್ರಾಣಿಗಳೇ ಇಲ್ಲದ ಮನೆಗೆ ನಾಯಿಯೊಂದು ಬಂದರೆ ಹೊಂದಿಕೊಳ್ಳಬೇಕಾದದ್ದು ಅದೊಂದೇ. ಪ್ರಾಣಿಗಳಿರುವ ಮನೆಗೆ ಬಂದರೆ ಎಲ್ಲವೂ ಹೊಂದಿಕೊಳ್ಳಬೇಕು, ಮತ್ತು ಅವುಗಳಲ್ಲಿ ಯಾವುದನ್ನೂ ಯಾರೂ ಕೇಳಿರುವುದಿಲ್ಲ.

ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ನಿಲುವನ್ನು ಇಟ್ಟುಕೊಂಡಿದ್ದೇನೆ. ಬಂದ ನಾಯಿ ಮತ್ತು ಮನೆಯ ಪ್ರಾಣಿಗಳು ಸ್ನೇಹಿತರಾಗಬೇಕು ಎಂಬುದು ನಮ್ಮ ಗುರಿಯಲ್ಲ. ಇಷ್ಟು ದಿನ ಯಾವ ಪ್ರಾಣಿಗೂ ಗಾಯವಾಗದೆ, ಯಾವುದೂ ಊಟ ಬಿಡದೆ, ಮನೆಯ ಪ್ರಾಣಿಗಳು ತಮ್ಮ ಜಾಗವನ್ನು ಕಳೆದುಕೊಳ್ಳದೆ ಕಾಲ ಕಳೆದರೆ ಕೆಲಸ ಯಶಸ್ವಿಯಾದಂತೆ. ಒಂದೇ ಚಾಪೆಯ ಮೇಲೆ ನಾಯಿ-ಬೆಕ್ಕು ಮಲಗಿರುವ ಫೋಟೋವನ್ನು ಅಕ್ಕನಿಗೆ ಕಳಿಸುವ ಆತುರದಲ್ಲಿಯೇ ಹೆಚ್ಚಿನ ಅನಾಹುತಗಳು ಆಗುವುದು.

ಹಂತ 1: ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದದ್ದು

“ಅದು ಯಾರಿಗೂ ಏನೂ ಮಾಡುವುದಿಲ್ಲ, ಪಾಪದ ನಾಯಿ” ಎಂಬ ಉತ್ತರವನ್ನು ಉತ್ತರವೆಂದು ಎಣಿಸಬೇಡಿ. ಅದು ಮನುಷ್ಯರ ಬಗೆಗಿನ ಮಾತು. ನಿಮಗೆ ಬೇಕಾದದ್ದು ಬೇರೆ: ವಾಕಿಂಗ್‌ನಲ್ಲಿ ಬೇರೆ ನಾಯಿ ಕಂಡರೆ ಏನು ಮಾಡುತ್ತದೆ? ಕಾಂಪೌಂಡಿನ ಮೇಲೆ ಬೆಕ್ಕು ನಡೆದರೆ ಬೊಗಳಿ ಸುಮ್ಮನಾಗುತ್ತದೆಯೋ, ಅಟ್ಟಿಸಿಕೊಂಡು ಹೋಗುತ್ತದೆಯೋ? ಹಿಂದೆ ಬೆಕ್ಕನ್ನಾಗಲಿ ಕೋಳಿಯನ್ನಾಗಲಿ ಕೊಂದಿದೆಯೇ? ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆಯೇ? ಯಾರನ್ನಾದರೂ, ಸಣ್ಣದಾಗಿಯಾದರೂ, ಕಚ್ಚಿದ್ದುಂಟೇ? ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು? ಪಟಾಕಿ, ಗುಡುಗಿಗೆ ಹೆದರುತ್ತದೆಯೇ?

ತಳಿಯೂ ಲೆಕ್ಕಕ್ಕೆ ಬರುತ್ತದೆ. ಮುಧೋಳ ನಾಯಿಯಂತಹವು ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟಲೆಂದೇ ತಲೆಮಾರುಗಳಿಂದ ಬೆಳೆದು ಬಂದವು. ಬೆಕ್ಕು ಓಡಿದರೆ ಅವುಗಳ ಕಾಲು ತಡೆಯುವುದಿಲ್ಲ, ಅದಕ್ಕೆ ಸ್ವಭಾವ ಕೆಟ್ಟದ್ದೆಂದು ಅರ್ಥವಲ್ಲ. ಲ್ಯಾಬ್ರಡಾರ್‌ನಂತಹ ನಾಯಿಯಿಂದ ಬೆಕ್ಕಿಗೆ ಅಪಾಯ ಕಡಿಮೆ, ಆದರೆ ಬೆಕ್ಕಿನ ಊಟಕ್ಕೆ ಅಪಾಯ ಹೆಚ್ಚು.

ಕೆಲವು ಸಂದರ್ಭಗಳಲ್ಲಿ ಇಲ್ಲವೆನ್ನುವುದೇ ಸರಿ. ಬೆಕ್ಕನ್ನು ಕೊಂದ ಇತಿಹಾಸವಿರುವ ನಾಯಿಯನ್ನು ಬೆಕ್ಕಿರುವ ಮನೆಗೆ ತರಬಾರದು. ನಿಮ್ಮ ಮನೆಯ ಪ್ರಾಣಿ ಮರಿ ಹಾಕಿದ್ದರೆ, ತೀರಾ ಮುದಿಯಾಗಿದ್ದರೆ, ಇಲ್ಲವೇ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದರೆ ಬೇಡವೆನ್ನಿ. ಸಂತಾನಹರಣ ಚಿಕಿತ್ಸೆ ಆಗದ ಗಂಡು ಮತ್ತು ಹೆಣ್ಣು ನಾಯಿಗಳು ಒಂದೇ ಮನೆಯಲ್ಲಿರುವುದೂ ಬೇಡ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬಂದು ಎರಡು-ಮೂರು ವಾರ ಹಾಗೆಯೇ ಇರುತ್ತದೆ. ಆ ದಿನಗಳಲ್ಲಿ ಬಾಗಿಲು ಹಾಕಿ ಕಾಯುತ್ತೇವೆ ಎಂದವರ ಮನೆಯಲ್ಲಿಯೇ ಸುಮಾರು 63 ದಿನಗಳ ನಂತರ ಮರಿಗಳು ಹುಟ್ಟಿರುವುದು. ಇಲ್ಲವೆಂದ ಮಾತ್ರಕ್ಕೆ ನೆಂಟಸ್ತಿಕೆ ಕೆಡಬೇಕಿಲ್ಲ: ಅವರ ಮನೆಗೇ ದಿನಕ್ಕೆರಡು ಸಲ ಹೋಗಿ ನೋಡಿಕೊಳ್ಳುವುದು, ಪ್ರಾಣಿಗಳಿಲ್ಲದ ಇನ್ನೊಬ್ಬ ಸಂಬಂಧಿಯ ಮನೆಯಲ್ಲಿಟ್ಟು ನೀವು ಸಹಾಯ ಮಾಡುವುದು, ಇವೂ ಇವೆ.

ಹಂತ 2: ಲಸಿಕೆ, ಉಣ್ಣಿ, ಕಾಗದಪತ್ರ

ಲಸಿಕೆ ಪುಸ್ತಕವನ್ನು ಕಣ್ಣಾರೆ ನೋಡಿ. “ಎಲ್ಲ ಹಾಕಿಸಿದ್ದೇವೆ” ಎಂಬ ಮಾತು ಸಾಲದು. ರೇಬೀಸ್ ಲಸಿಕೆ, ಹಾಗೂ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್‌ಗಳಿಗೆ ಒಟ್ಟಾಗಿ ಕೊಡುವ ಸಂಯುಕ್ತ ಲಸಿಕೆ, ಇವೆರಡೂ ಚಾಲ್ತಿಯಲ್ಲಿರಬೇಕು. ಲೆಪ್ಟೊಸ್ಪೈರೋಸಿಸ್ ಎಂದರೆ ನಾವು ಇಲಿಜ್ವರ ಎನ್ನುವ ಅದೇ ಕಾಯಿಲೆ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಇದರ ಲಸಿಕೆಯನ್ನು ತಪ್ಪಿಸಬಾರದು, ಏಕೆಂದರೆ ಈ ಕಾಯಿಲೆ ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಲಸಿಕೆ ಬಾಕಿಯಿದ್ದರೆ ಬರುವ ಹಿಂದಿನ ದಿನ ಹಾಕಿಸಿದರೆ ಪ್ರಯೋಜನ ಕಡಿಮೆ, ರೋಗನಿರೋಧಕ ಶಕ್ತಿ ಬೆಳೆಯಲು ಎರಡು-ಮೂರು ವಾರ ಬೇಕು. ನಿಮ್ಮ ನಾಯಿ-ಬೆಕ್ಕುಗಳ ಪುಸ್ತಕವನ್ನೂ ಅದೇ ದಿನ ತೆರೆದು ನೋಡಿ. ನಿಮ್ಮ ಮನೆಯಲ್ಲಿ ಹಿಂದೆ ಪಾರ್ವೋ ಬಂದಿದ್ದರೆ ಆ ವೈರಸ್ಸು ಮಣ್ಣಿನಲ್ಲಿ, ನೆಲದ ಬಿರುಕುಗಳಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ; ಲಸಿಕೆ ಪೂರ್ಣವಾಗದ ಮರಿಯನ್ನು ಅಲ್ಲಿಗೆ ಕರೆತರಬಾರದು. ಜಂತುಹುಳುವಿನ ಔಷಧಿ ಮೂರು ತಿಂಗಳೊಳಗೆ ಆಗಿರಲಿ.

ಉಣ್ಣಿಯ ವಿಷಯಕ್ಕೆ ಹೆಚ್ಚಿನ ಗಮನ ಬೇಕು. ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳಿಂದ ಬರುವ ಉಣ್ಣಿಜ್ವರವನ್ನು ನಮ್ಮ ಊರುಗಳಲ್ಲಿ ನಾಯಿ ಸಾಕಿದವರೆಲ್ಲ ಒಂದಲ್ಲ ಒಂದು ಬಾರಿ ಕೇಳಿಯೇ ಇರುತ್ತಾರೆ. ಆದ್ದರಿಂದ ಬರುವ ಮೊದಲೇ ಉಣ್ಣಿಯ ಔಷಧಿ ಆಗಿರಬೇಕು, ಆದರೆ ಯಾವ ಔಷಧಿ ಎಂಬುದನ್ನು ಕೇಳಿ ತಿಳಿಯಿರಿ. ನಾಯಿಗಳ ಕುತ್ತಿಗೆಯ ಮೇಲೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ; ನಾಯಿಗೆ ಅದು ನಿರಪಾಯ, ಬೆಕ್ಕಿಗೆ ಮಾರಕ. ಔಷಧಿ ಹಾಕಿದ ನಾಯಿಯ ಮೈಗೆ ಬೆಕ್ಕು ಒರಗಿದರೂ, ಅದರ ಕೂದಲನ್ನು ನೆಕ್ಕಿದರೂ ನಡುಕ, ಫಿಟ್ಸ್ ಬರಬಹುದು. ಬೆಕ್ಕಿರುವ ಮನೆಗೆ ಹೋಗುವ ನಾಯಿ ಎಂದು ಪಶುವೈದ್ಯರಿಗೆ ಮೊದಲೇ ಹೇಳಿದರೆ ಅವರು ಬೇರೆ ಔಷಧಿ ಬರೆದುಕೊಡುತ್ತಾರೆ. ಈ ಒಂದು ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನು ಹಣ ಮತ್ತು ತೀರ್ಮಾನದ ವಿಷಯ. ಸಂಬಂಧಿಕರ ನಡುವೆ ಹಣದ ಮಾತು ಎತ್ತುವುದು ಮುಜುಗರವೇ ಸರಿ, ಆದರೂ ಹೊರಡುವ ಮುಂಚೆಯೇ ಎತ್ತಬೇಕು. ಊಟ, ಔಷಧಿಯ ಖರ್ಚು ಯಾರದು, ತುರ್ತು ಚಿಕಿತ್ಸೆಗೆ ಎಷ್ಟರವರೆಗೆ ನೀವೇ ಒಪ್ಪಿಗೆ ಕೊಡಬಹುದು, ಅದಕ್ಕೂ ಮೀರಿದರೆ ಯಾರನ್ನು ಕೇಳಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಇಲ್ಲಿ ಮಧ್ಯಾಹ್ನ ನಾಯಿಗೆ ಶಸ್ತ್ರಚಿಕಿತ್ಸೆ ಬೇಕಾದಾಗ ಅಮೆರಿಕದಲ್ಲಿ ನಡುರಾತ್ರಿ. ಫೋನು ಎತ್ತುವವರೆಗೆ ವೈದ್ಯರು ಕಾಯುವಂತಿರಬಾರದು. ಊರಿನಲ್ಲಿಯೇ ಇರುವ ಇನ್ನೊಬ್ಬರ ಹೆಸರು, ನಾಯಿಯನ್ನು ಈವರೆಗೆ ನೋಡುತ್ತಿದ್ದ ವೈದ್ಯರ ಸಂಖ್ಯೆ, ಹಿಂದಿನ ಔಷಧಿ ಚೀಟಿಗಳು ಇದೇ ಹಾಳೆಯ ಜೊತೆಗಿರಲಿ.

ಹಂತ 3: ಮನೆಯನ್ನು ಅಣಿಮಾಡುವುದು

ಬರುವ ನಾಯಿಗೆ ಬಾಗಿಲು ಹಾಕಬಹುದಾದ ಒಂದು ಕೋಣೆ ಬೇಕು. ಅದು ನಿಮ್ಮ ನಾಯಿ ಮಲಗುವ ಕೋಣೆಯಾಗಿರಬಾರದು, ಬೆಕ್ಕಿನ ಲಿಟರ್ ಡಬ್ಬಿಗೆ ಹೋಗುವ ದಾರಿಯಲ್ಲಿಯೂ ಇರಬಾರದು. ಕೋಣೆ ಮತ್ತು ಹಜಾರದ ನಡುವೆ ಮಕ್ಕಳಿಗೆ ಹಾಕುವಂತಹ ಅಡ್ಡಗೇಟು ಇದ್ದರೆ ಅರ್ಧ ಕೆಲಸ ಮುಗಿಯಿತು. ಪ್ರಾಣಿಗಳು ಪರಸ್ಪರ ನೋಡಬಹುದು, ಮೂಸಬಹುದು, ಮುಟ್ಟಲಾಗದು.

ಬೆಕ್ಕಿಗೆ ಬೇಕಾದದ್ದು ಎತ್ತರ. ಬೀರುವಿನ ಮೇಲೆ, ಸಜ್ಜದ ಮೇಲೆ, ಕಿಟಕಿಯ ಮೇಲಂಚಿನಲ್ಲಿ ಜಾಗ ಖಾಲಿ ಮಾಡಿ ಹಳೆಯ ಟವೆಲ್ಲೊಂದನ್ನು ಹಾಸಿ. ಅಲ್ಲಿಗೆ ಹತ್ತಲು ನೆಲ ಮುಟ್ಟದ ದಾರಿಯಿದ್ದರೆ ಇನ್ನೂ ಒಳ್ಳೆಯದು. ನಮ್ಮ ಮನೆಯ ಮುದಿ ಬೆಕ್ಕು ನಾಯಿ ಬಂದ ದಿನ ಫ್ರಿಜ್ಜಿನ ಮೇಲೆ ಹತ್ತಿ, ಬಾಲವನ್ನು ಪಾದಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಕಿವಿ ಮಾತ್ರ ಕೋಣೆಯ ಕಡೆಗೆ ತಿರುಗಿಸಿ ಕೂತಿತು. ಊಟದ ತಟ್ಟೆಯನ್ನು ಅಲ್ಲಿಗೇ ಏರಿಸಿದ ಮೇಲೆ ಉಂಡಿತು. ಬೆಕ್ಕನ್ನು ಕೆಳಗಿಳಿಸಿ “ಪರಿಚಯ” ಮಾಡಿಸುವ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಲಿಟರ್ ಡಬ್ಬಿ ನಾಯಿಯ ಬಾಯಿಗೆ ಎಟುಕದಿರಲಿ, ಏಕೆಂದರೆ ಬಹುತೇಕ ನಾಯಿಗಳಿಗೆ ಅದರಲ್ಲಿರುವುದು ತಿಂಡಿಯೇ.

ಮೊಲ, ಲವ್‌ಬರ್ಡ್ಸ್, ಅಕ್ವೇರಿಯಂ ಇದ್ದರೆ ಅವುಗಳ ಕೋಣೆಗೆ ನಾಯಿಯ ಪ್ರವೇಶವೇ ಬೇಡ. ಪಂಜರದ ಮುಂದೆ ನಾಯಿ ಗಂಟೆಗಟ್ಟಲೆ ಕೂತರೆ ಮುಟ್ಟದಿದ್ದರೂ ಒಳಗಿನ ಜೀವಕ್ಕೆ ಅದು ಹಿಂಸೆ. (ಪಂಜರದಲ್ಲಿರುವುದು ನಮ್ಮ ನಾಡಿನ ಗಿಳಿಯಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದೇ ಅಪರಾಧ ಎಂಬುದು ಅನೇಕರಿಗೆ ತಿಳಿದಿಲ್ಲ.)

ನೆಲದ ಮೇಲೆ ಬಿದ್ದಿರುವ ಆಟಿಕೆ, ಮೂಳೆ, ನಿಮ್ಮ ನಾಯಿಯ ಮೆಚ್ಚಿನ ಚಾಪೆ ಎಲ್ಲವನ್ನೂ ಎತ್ತಿಡಿ. ಗೇಟಿನ ಚಿಲಕ, ಕಾಂಪೌಂಡಿನ ಸಂದು, ಟೆರೇಸಿನ ಬಾಗಿಲು ಪರೀಕ್ಷಿಸಿ. ಹೊಸ ಜಾಗದಿಂದ ತಪ್ಪಿಸಿಕೊಂಡ ನಾಯಿಗೆ ಹಿಂದಿರುಗುವ ದಾರಿ ಗೊತ್ತಿರುವುದಿಲ್ಲ, ಅದು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ. ಕೊರಳ ಬೆಲ್ಟಿನಲ್ಲಿ ನಿಮ್ಮ ಫೋನ್ ಸಂಖ್ಯೆ ಇರಬೇಕು. ಅಕ್ಕನ ಭಾರತದ ಸಂಖ್ಯೆ ಆಗ ಸ್ವಿಚ್ ಆಫ್ ಆಗಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್ನಿಗೆ ಮೊದಲೇ ತಿಳಿಸಿ. ಸಾಕುಪ್ರಾಣಿಗಳನ್ನೇ ನಿಷೇಧಿಸುವ ಅಧಿಕಾರ ಅವರಿಗಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ಆದರೆ ಲಿಫ್ಟಿನಲ್ಲಿ ಅಪರಿಚಿತ ನಾಯಿಯನ್ನು ಕಂಡು ಬೆಚ್ಚಿದವರೊಂದಿಗೆ ಮಾರ್ಗಸೂಚಿ ಓದಿ ಜಗಳವಾಡುವುದಕ್ಕಿಂತ ಮುಂಚೆಯೇ ಹೇಳಿಟ್ಟಿರುವುದು ಮೇಲು.

ಹಂತ 4: ಬರುವ ದಿನ

ಸಾಧ್ಯವಾದರೆ ಪ್ರಯಾಣದ ಹಿಂದಿನ ವಾರವೇ ಒಂದು ಬಟ್ಟೆ ಬದಲಾಯಿಸಿಕೊಳ್ಳಿ: ಆ ನಾಯಿ ಮಲಗಿದ ಚಾದರ ನಿಮ್ಮ ಮನೆಗೆ, ನಿಮ್ಮ ನಾಯಿ ಮತ್ತು ಬೆಕ್ಕಿನದು ಅವರ ಮನೆಗೆ. ಮುಖ ನೋಡುವ ಮೊದಲೇ ವಾಸನೆ ಪರಿಚಿತವಾಗಿರುತ್ತದೆ. ಅಕ್ಕ ಉಟ್ಟು ಒಗೆಯದ ಒಂದು ಹಳೆಯ ಸೀರೆಯೋ ನೈಟಿಯೋ ನಾಯಿಯ ಹಾಸಿಗೆಯ ಜೊತೆಗೆ ಬರಲಿ.

ಕಾರಿನಲ್ಲಿ ಬರುವುದಾದರೆ ಹೊರಡುವ ಮೂರು-ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ಕೊಡಿ. ಬಂದ ಕೂಡಲೇ ಮನೆಯೊಳಗೆ ಕರೆದೊಯ್ಯಬೇಡಿ. ಎರಡೂ ನಾಯಿಗಳ ಮೊದಲ ಭೇಟಿ ನಿಮ್ಮ ಗೇಟಿನಲ್ಲಿ ಆಗಲೇಬಾರದು, ಏಕೆಂದರೆ ನಿಮ್ಮ ನಾಯಿ ಕಾಯುವುದೇ ಆ ಗೇಟನ್ನು. ಎರಡು ಬೀದಿ ಆಚೆ, ಜನ ಮತ್ತು ಬೀದಿನಾಯಿ ಕಡಿಮೆ ಇರುವ ರಸ್ತೆಯಲ್ಲಿ ಭೇಟಿ ಮಾಡಿಸಿ. ಒಬ್ಬೊಬ್ಬರು ಒಂದೊಂದು ನಾಯಿಯನ್ನು ಹಿಡಿದು, ಹದಿನೈದು-ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ಮುಖಾಮುಖಿ ನಿಲ್ಲಿಸುವುದಲ್ಲ, ಜೊತೆಗೆ ನಡೆಸುವುದು. ಹತ್ತು-ಹದಿನೈದು ನಿಮಿಷದಲ್ಲಿ ಎರಡೂ ನೆಲ ಮೂಸಲು, ಅತ್ತಿತ್ತ ನೋಡಲು ಆರಂಭಿಸಿದರೆ ಅಂತರವನ್ನು ಕಡಿಮೆ ಮಾಡಿ. ಹಗ್ಗ ಸಡಿಲವಾಗಿರಲಿ, ನೀವು ಬಿಗಿ ಹಿಡಿದರೆ ಏನೋ ಅಪಾಯವಿದೆಯೆಂದು ನಾಯಿ ತಿಳಿಯುತ್ತದೆ. ಮೂರು-ನಾಲ್ಕು ಸೆಕೆಂಡು ಮೂಸಲು ಬಿಟ್ಟು, ಹೆಸರು ಕರೆದು ಮುಂದೆ ನಡೆಯಿರಿ.

ಇಲ್ಲಿ ನೋಡಬೇಕಾದದ್ದು ಬಾಲವನ್ನಷ್ಟೇ ಅಲ್ಲ. ಬಾಲ ಅಲ್ಲಾಡಿಸಿದರೆ ಖುಷಿ ಎಂಬುದು ಅರ್ಧ ಸತ್ಯ: ಬಾಲ ನೆಟ್ಟಗೆ ಮೇಲೆದ್ದು, ತುದಿ ಮಾತ್ರ ವೇಗವಾಗಿ ಕಂಪಿಸುತ್ತ, ಮೈ ಮರಗಟ್ಟಿ, ಬಾಯಿ ಮುಚ್ಚಿಕೊಂಡು, ಕಣ್ಣು ಮಿಟುಕಿಸದೆ ನಿಂತಿದ್ದರೆ ಅದು ಜಗಳದ ಹಿಂದಿನ ಕ್ಷಣ. ಮತ್ತೆ ಮತ್ತೆ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಇವು ಹೆದರಿಕೆಯ ಗುರುತುಗಳು. ಮುಂಗಾಲು ಚಾಚಿ, ಎದೆ ನೆಲಕ್ಕೆ ತಗ್ಗಿಸಿ, ಹಿಂಭಾಗ ಮೇಲೆತ್ತಿದರೆ ಆಟಕ್ಕೆ ಕರೆಯುತ್ತಿದೆ ಎಂದರ್ಥ.

ನಡಿಗೆ ಮುಗಿದ ಮೇಲೆ ಹೊಸ ನಾಯಿ ಮೊದಲು ಖಾಲಿ ಮನೆಯನ್ನು ಪ್ರವೇಶಿಸಿ, ಮೂಸಿ, ತನ್ನ ಕೋಣೆಗೆ ಸೇರಲಿ. ಆನಂತರ ನಿಮ್ಮ ನಾಯಿ ಒಳಗೆ ಬರಲಿ. ಬೆಕ್ಕುಗಳು ಆ ಹೊತ್ತಿಗೆ ಬೇರೆ ಕೋಣೆಯಲ್ಲಿ ಬಾಗಿಲ ಹಿಂದಿರಲಿ.

ಹಂತ 5: ಮೊದಲ ವಾರ, ವಿಶೇಷವಾಗಿ ಬೆಕ್ಕಿನ ಜೊತೆ

ನಾಯಿ-ನಾಯಿಗಳ ಹೊಂದಾಣಿಕೆ ಬಹುಮಟ್ಟಿಗೆ ದಿನಕ್ಕೆರಡು ಜಂಟಿ ವಾಕಿಂಗ್‌ನಿಂದಲೇ ಆಗಿಬಿಡುತ್ತದೆ. ಮನೆಯೊಳಗೆ ನಿಮ್ಮ ಕಣ್ಣೆದುರಿನಲ್ಲಿ ಮಾತ್ರ ಜೊತೆಗಿರಲಿ, ನೀವು ಸ್ನಾನಕ್ಕೆ ಹೋದರೂ ಬೇರ್ಪಡಿಸಿ. ಇಡೀ ತಂಗುವಿಕೆಯ ಅವಧಿಯಲ್ಲಿ, ಅವು ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ, ಮನೆಯಲ್ಲಿ ಯಾರೂ ಇಲ್ಲದಾಗ ಒಟ್ಟಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಕ್ಕಿನದು ನಿಧಾನದ ಕೆಲಸ. ಮೊದಲ ಎರಡು-ಮೂರು ದಿನ ಬರೀ ಮುಚ್ಚಿದ ಬಾಗಿಲು. ಬಾಗಿಲಿನ ಎರಡೂ ಬದಿಯಲ್ಲಿ ಊಟ ಕೊಟ್ಟರೆ ಆ ವಾಸನೆಯೊಂದಿಗೆ ಒಳ್ಳೆಯದೇನೋ ಬರುತ್ತದೆ ಎಂದು ಎರಡಕ್ಕೂ ತಿಳಿಯುತ್ತದೆ. ಆಮೇಲೆ ಅಡ್ಡಗೇಟಿನ ಮೂಲಕ ನೋಟ, ನಾಯಿ ಹಗ್ಗದಲ್ಲಿರುವಾಗ. ನಾಯಿ ಬೆಕ್ಕನ್ನು ನೋಡಿ ನಿಮ್ಮ ಕಡೆಗೆ ತಿರುಗಿದ ಪ್ರತಿ ಸಲ ಒಂದು ತುಣುಕು ತಿನಿಸು ಕೊಡಿ. ತಿರುಗದೆ, ಕರೆದರೂ ಕೇಳದೆ, ಮೈ ಬಿಗಿಹಿಡಿದು ದಿಟ್ಟಿಸುತ್ತಲೇ ಇದ್ದರೆ ಅಂತರ ಸಾಲದು ಎಂದು ತಿಳಿದು ಹಿಂದೆ ಸರಿಸಿ. ನಾಲ್ಕೈದು ದಿನ ಕಳೆದರೂ ಹೀಗೆಯೇ ಮುಂದುವರಿದರೆ ಪ್ರಯತ್ನವನ್ನು ಕೈಬಿಟ್ಟು, ಪಾಳಿಯಲ್ಲಿ ಮನೆಯನ್ನು ಹಂಚಿ: ಬೆಳಗ್ಗೆ ಹಜಾರ ಬೆಕ್ಕಿನದು, ಸಂಜೆ ನಾಯಿಯದು. ಮೂರು ತಿಂಗಳನ್ನು ಹೀಗೆಯೇ ಕಳೆದ ಮನೆಗಳಿವೆ, ಅದರಲ್ಲಿ ಸೋಲೇನೂ ಇಲ್ಲ. ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ನಾಯಿಗೆ ತೋರಿಸಬೇಡಿ. ಹೆದರಿದ ಬೆಕ್ಕು ಮೊದಲು ಪರಚುವುದು ಎತ್ತಿಕೊಂಡವರ ಮುಖವನ್ನೇ.

ಈ ವಾರ ಬೆಕ್ಕಿನ ಊಟ ಮತ್ತು ಮೂತ್ರದ ಮೇಲೆ ಕಣ್ಣಿರಲಿ. ಇಡೀ ದಿನ ಏನೂ ತಿನ್ನದ ಬೆಕ್ಕಿನ ಬಗ್ಗೆ ವೈದ್ಯರಿಗೆ ತಿಳಿಸಬೇಕು. ಗಂಡುಬೆಕ್ಕು ಲಿಟರ್ ಡಬ್ಬಿಗೆ ಪದೇಪದೇ ಹೋಗಿ ಮುಕ್ಕುತ್ತ, ಹನಿಯೂ ಬಾರದೆ ಹಿಂದಿರುಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಒತ್ತಡದ ದಿನಗಳಲ್ಲಿ ಇದು ಹೆಚ್ಚು, ಮತ್ತು ಬೆಳಗಿನವರೆಗೆ ಕಾಯುವ ವಿಷಯವಲ್ಲ.

ಹಂತ 6: ಊಟ

ನಾಯಿ ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಇಲ್ಲೂ ಕೊಡಿ, ಅದೇ ಹೊತ್ತಿಗೆ. ರಾಗಿಗಂಜಿ, ಮೊಸರನ್ನ ತಿಂದು ಬೆಳೆದ ನಾಯಿಗೆ ಒಮ್ಮೆಲೇ ಪ್ಯಾಕೆಟ್ಟಿನ ಆಹಾರ ಹಾಕಿದರೆ ಭೇದಿ ಖಂಡಿತ. ಬದಲಿಸಲೇಬೇಕಾದರೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ.

ನಮ್ಮಲ್ಲಿ ಇನ್ನೊಂದು ನಿಜವಾದ ತೊಡಕಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ನಾಯಿಗೆ ದಿನವೂ ಕೋಳಿ-ಅನ್ನ ರೂಢಿ, ನಿಮ್ಮ ಅಡುಗೆಮನೆಗೆ ಮಾಂಸ ಬರುವಂತಿಲ್ಲ, ಅತ್ತೆಯವರು ಮನೆಯಲ್ಲಿದ್ದಾರೆ. ಇದನ್ನು ನಾಯಿ ಬಂದ ಮೇಲೆ ಬಗೆಹರಿಸಲು ಹೋದರೆ ಜಗಳ ನಾಯಿಗಳ ನಡುವೆ ಆಗುವುದಿಲ್ಲ. ಹೊರಡುವ ಎರಡು ವಾರ ಮುಂಚೆ ಅಕ್ಕನ ಮನೆಯಲ್ಲಿಯೇ ಪ್ಯಾಕೆಟ್ಟಿನ ಆಹಾರಕ್ಕೆ ರೂಢಿ ಮಾಡಿಸುವುದು ಸುಲಭದ ದಾರಿ. ಹೊರಗಡೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಬೇಯಿಸುವವರೂ ಇದ್ದಾರೆ.

ಪ್ರತಿ ಪ್ರಾಣಿಗೆ ಬೇರೆ ತಟ್ಟೆ, ಬೇರೆ ಕೋಣೆ, ಮುಚ್ಚಿದ ಬಾಗಿಲು. ಹದಿನೈದು ನಿಮಿಷದ ನಂತರ ತಟ್ಟೆಗಳನ್ನು ಎತ್ತಿಬಿಡಿ. ಬೆಕ್ಕಿನ ಆಹಾರದಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚು. ನಾಯಿ ಅದನ್ನು ಕದ್ದು ತಿಂದರೆ ಹೊಟ್ಟೆ ಕೆಡುತ್ತದೆ. ನಾಯಿಯ ಆಹಾರವನ್ನೇ ತಿನ್ನುತ್ತಿರುವ ಬೆಕ್ಕಿಗೆ ಟಾರಿನ್ ಎಂಬ ಅಂಶ ಸಾಲದೆ ಕಾಲಕ್ರಮೇಣ ಕಣ್ಣು, ಹೃದಯ ದುರ್ಬಲವಾಗುತ್ತವೆ. ಮೊದಲ ಒಂದೆರಡು ದಿನ ಬಂದ ನಾಯಿ ತಿನ್ನದಿದ್ದರೆ ಗಾಬರಿ ಬೇಡ, ನೀರು ಕುಡಿಯುತ್ತಿದ್ದರೆ ಸಾಕು.

ಮನೆಯವರೆಲ್ಲರಿಗೂ, ಕೆಲಸದವರಿಗೂ ಹೇಳಿಡಬೇಕಾದದ್ದು: ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು-ಹುಳಿ ಬೇಡ, ಅವು ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸ, ಕೇಸರಿಬಾತಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿಕರ. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್, ಬೇಯಿಸಿದ ಕೋಳಿಮೂಳೆ ಕೂಡ ಬೇಡ.

ಹಂತ 7: ದಿನಚರಿ

ಇಲ್ಲಿ ಹೇಳಲು ಹೆಚ್ಚಿಲ್ಲ. ವಾಕಿಂಗ್, ಊಟ, ನಿದ್ದೆ ಒಂದೇ ಹೊತ್ತಿಗೆ ಆಗಲಿ. ಮೊದಲ ವಾರಗಳಲ್ಲಿ ಹೊರಗೆ ಹಗ್ಗ ಬಿಚ್ಚಬೇಡಿ. ದೀಪಾವಳಿ ನಡುವೆ ಬಂದರೆ ಸಂಜೆಗೆ ಮುಂಚೆಯೇ ಹೊರಗಿನ ಕೆಲಸ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನೋ ಟಿವಿಯೋ ಹಾಕಿ ಒಳಗಿರಿಸಿ. ನಿಮ್ಮ ಸ್ವಂತ ಪ್ರಾಣಿಗಳಿಗೆ ದಿನವೂ ಅರ್ಧ ಗಂಟೆ ಅವುಗಳದೇ ಹೊತ್ತು ಇರಲಿ. ಅಕ್ಕನ ವಿಡಿಯೊ ಕಾಲ್‌ಗೆ ನಾಯಿಯನ್ನು ಕೂರಿಸುವ ಮೊದಲು ಒಮ್ಮೆ ಪರೀಕ್ಷಿಸಿ: ಧ್ವನಿ ಕೇಳಿ, ಆಳನ್ನು ಕಾಣದೆ, ಕರೆ ಮುಗಿದ ಮೇಲೆ ಬಾಗಿಲ ಬಳಿ ಕುಂಯ್‌ಗುಡುತ್ತ ಕೂರುವ ನಾಯಿಯಾದರೆ ಬರೀ ಫೋಟೋ ಕಳಿಸಿದರೆ ಸಾಕು.

ಹಂತ 8: ಜಗಳ, ಕಚ್ಚು, ಕಾಯಿಲೆ

ಜಗಳ ಹತ್ತಿದರೆ ನಡುವೆ ಕೈ ಹಾಕಬೇಡಿ, ಕೊರಳ ಬೆಲ್ಟಿಗಂತೂ ಬೇಡವೇ ಬೇಡ. ಬಕೆಟ್ ನೀರು ಎರಚಿ, ಪಾತ್ರೆ ಬಡಿದು ಸದ್ದು ಮಾಡಿ, ಕುರ್ಚಿಯನ್ನೋ ಮಣೆಯನ್ನೋ ನಡುವೆ ತೂರಿಸಿ. ಬಿಡಿಸಿದ ಮೇಲೆ ಎರಡನ್ನೂ ಬೇರೆ ಕೋಣೆಗೆ ಹಾಕಿ, ಆ ದಿನ ಮತ್ತೆ ಸೇರಿಸಬೇಡಿ. ಹಲ್ಲಿನ ಗಾಯ ಹೊರಗೆ ಸಣ್ಣ ತೂತಿನಂತೆ ಕಂಡರೂ ಒಳಗೆ ಕೀವಾಗುತ್ತದೆ. ಕೂದಲು ಸರಿಸಿ ನೋಡಿ, ವೈದ್ಯರಿಗೆ ತೋರಿಸಿ.

ಮನುಷ್ಯರಿಗೆ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. “ಮನೆಯ ನಾಯಿ, ಲಸಿಕೆ ಆಗಿದೆ” ಎಂದು ಬಿಟ್ಟುಬಿಡುವುದು ನಿಮ್ಮ ತೀರ್ಮಾನವಾಗಬಾರದು, ವೈದ್ಯರದಾಗಲಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬೇಡಿ.

ಕಾಯಿಲೆಯ ವಿಷಯದಲ್ಲಿ ಥರ್ಮಾಮೀಟರ್ ಒಂದನ್ನು ಪ್ರಾಣಿಗಳಿಗೆಂದೇ ಇಟ್ಟುಕೊಳ್ಳಿ. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಜ್ವರವೆನಿಸುವುದು ಅದಕ್ಕೆ ಜ್ವರವಲ್ಲ. 103 ದಾಟಿದರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ, ವಾಂತಿ-ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಹೊರಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಯಾವ ಪ್ರಾಣಿಗೂ ಕೊಡಬೇಡಿ. ಬೆಕ್ಕನ್ನು ಕೊಲ್ಲಲು ಅದರ ಒಂದೇ ಮಾತ್ರೆ ಸಾಕು. ಐಬುಪ್ರೊಫೆನ್ ನಾಯಿಗೂ ವಿಷವೇ.

ಹಂತ 9: ಹಿಂದಿರುಗಿಸುವಾಗ

ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವ ದಿನ ಯಾವ ಔಷಧಿ, ತೂಕ ಎಷ್ಟು, ಹೊಸದಾಗಿ ಕಲಿತ ಅಭ್ಯಾಸ ಯಾವುದು, ಮುಂದಿನ ಲಸಿಕೆ ಎಂದು. ಖರ್ಚಿನ ಬಿಲ್ಲುಗಳೂ ಅದರ ಜೊತೆಗಿರಲಿ, ನೀವು ಹಣ ಪಡೆಯುವುದಿಲ್ಲವೆಂದು ತೀರ್ಮಾನಿಸಿದ್ದರೂ ಸಹ. ನಾಯಿ ಹೋದ ಮೇಲೆ ನಿಮ್ಮ ನಾಯಿ ಎರಡು-ಮೂರು ದಿನ ಖಾಲಿ ಕೋಣೆಯನ್ನು ಮೂಸುತ್ತ ಓಡಾಡಬಹುದು, ಬೆಕ್ಕು ಎತ್ತರದ ಜಾಗದಿಂದ ಇಳಿಯಲು ಇನ್ನೂ ಒಂದು ವಾರ ತೆಗೆದುಕೊಳ್ಳಬಹುದು. ಅವುಗಳನ್ನು ಅವುಗಳ ಪಾಡಿಗೆ ಬಿಡಿ.

ಬಟ್ಟೆ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ನಾಯಿಯ ಕಂದುಬಣ್ಣದ ಉಣ್ಣಿ ಮನೆಯೊಳಗೇ, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಮೊಟ್ಟೆಯಿಟ್ಟು ಸಂತಾನ ಬೆಳೆಸಬಲ್ಲದು. ಉಣ್ಣಿಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯಬಹುದಾದ್ದರಿಂದ, ಅಷ್ಟು ದಿನ ಪ್ರತಿ ಸಂಜೆ ನಿಮ್ಮ ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ, ಬೆಲ್ಟಿನ ಅಡಿಯಲ್ಲಿ ಕೈಯಾಡಿಸಿ ನೋಡಿ. ಊಟ ಬಿಟ್ಟು ಮೂಲೆ ಸೇರಿದರೆ ರಕ್ತಪರೀಕ್ಷೆ ಮಾಡಿಸಿ.